ಮಕ್ಕಳಲ್ಲಿ ಇನ್‌ಫ್ಲುಯೆಂಜಾ ಲಸಿಕೆಯ ಪುನರಾವರ್ತನೆ ಮತ್ತು ರೋಗನಿರೋಧಕ ಪ್ರತಿಕ್ರಿಯೆ

ಇನ್‌ಫ್ಲುಯೆಂಜಾ ಅಥವಾ ಫ್ಲೂ ಲಸಿಕೆಯು ಬಾಲ್ಯದ ಇತರ ಲಸಿಕೆಗಳಿಗಿಂತ ಒಂದು ಮುಖ್ಯ ಸಂಗತಿಯಲ್ಲಿ ಬೇರೆಯಾಗಿದೆ. ದಡಾರದ ಲಸಿಕೆಯನ್ನು ಎರಡು ಸಲ ಪಡೆದ ಮಗು ಬಹುಮಟ್ಟಿಗೆ ಜೀವಮಾನದುದ್ದಕ್ಕೂ ಆ ರೋಗದಿಂದ ಪಾರಾಗುತ್ತದೆ; ಫ್ಲೂ ಲಸಿಕೆಯನ್ನಾದರೋ ವರ್ಷ ವರ್ಷವೂ ಹೊಸದಾಗಿ ಕೊಡಬೇಕಾಗುತ್ತದೆ, ಏಕೆಂದರೆ ವೈರಸ್ಸೂ ಬದಲಾಗುತ್ತಿರುತ್ತದೆ, ಲಸಿಕೆಯಿಂದ ಬಂದ ರಕ್ಷಣೆಯೂ ಕೆಲವು ತಿಂಗಳುಗಳಲ್ಲಿ ಇಳಿಯತೊಡಗುತ್ತದೆ. ಆರನೆಯ ತಿಂಗಳಿನಿಂದ ಈ ಲಸಿಕೆಯನ್ನು ತಪ್ಪದೆ ಪಡೆದ ಮಗುವಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಹತ್ತು ಡೋಸುಗಳಾದರೂ ಆಗಿರುತ್ತವೆ. ಇಷ್ಟು ಸಲ ಒಂದೇ ಬಗೆಯ ಪ್ರಚೋದನೆಗೆ ಒಳಗಾದ ಎಳೆಯ ದೇಹವು ಪ್ರತಿಸಲವೂ ಮೊದಲಿನಷ್ಟೇ ಹುರುಪಿನಿಂದ ಪ್ರತಿಕ್ರಿಯಿಸುತ್ತದೆಯೆ, ಹಿಂದಿನ ಡೋಸುಗಳ ನೆನಪು ಮುಂದಿನದಕ್ಕೆ ನೆರವಾಗುತ್ತದೆಯೆ ಅಥವಾ ತೊಡಕಾಗುತ್ತದೆಯೆ ಎಂಬ ಪ್ರಶ್ನೆಯನ್ನು ರೋಗನಿರೋಧಶಾಸ್ತ್ರಜ್ಞರು 1970ರ ದಶಕದಿಂದಲೂ ಪರಿಶೀಲಿಸುತ್ತ ಬಂದಿದ್ದಾರೆ.

ಪ್ರಶ್ನೆಯ ಹಿಂದಿರುವ ರೋಗಭಾರ ಸಣ್ಣದಲ್ಲ. 2018ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 10.95 ಕೋಟಿ ಫ್ಲೂ ಪ್ರಕರಣಗಳು ಸಂಭವಿಸಿ, 8.7 ಲಕ್ಷ ಮಕ್ಕಳು ಇದರಿಂದಾದ ಶ್ವಾಸಕೋಶದ ಸೋಂಕಿಗಾಗಿ ಆಸ್ಪತ್ರೆ ಸೇರಿದರೆಂದೂ 34,800ರವರೆಗೆ ಮಕ್ಕಳು ಮೃತಪಟ್ಟಿರಬಹುದೆಂದೂ ಅಂದಾಜಿದೆ. ಅಮೆರಿಕದಲ್ಲಿ 2010ರಿಂದ 2014ರವರೆಗಿನ ಋತುಗಳ ವಿಶ್ಲೇಷಣೆಯೊಂದರ ಪ್ರಕಾರ, ಲಸಿಕೆಯು ಫ್ಲೂನಿಂದ ಸಾವಿಗೀಡಾಗುವ ಅಪಾಯವನ್ನು ಬೇರೆ ಕಾಯಿಲೆಗಳಿದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು, ಆರೋಗ್ಯವಂತ ಮಕ್ಕಳಲ್ಲಿ ಸುಮಾರು ಶೇ. 65ರಷ್ಟು ತಗ್ಗಿಸಿತ್ತು. ಆದ್ದರಿಂದ ಮುಂದೆ ವಿವರಿಸಲಾಗುವ ಸೂಕ್ಷ್ಮ ಚರ್ಚೆಗಳನ್ನು ಲಸಿಕೆ ಬೇಕೆ ಬೇಡವೆ ಎಂಬ ವಾದವೆಂದು ಓದಬಾರದು. ಇರುವ ಲಸಿಕೆಯಿಂದ ಇನ್ನೂ ಹೆಚ್ಚು ರಕ್ಷಣೆಯನ್ನು ಹೇಗೆ ಪಡೆಯಬಹುದು ಎಂಬುದೇ ಅವುಗಳ ತಿರುಳು.

ವೈರಸ್ ಮತ್ತು ಅದರ ವೇಷ

ಫ್ಲೂ ವೈರಸ್ಸಿನ ಹೊರಮೈಯಲ್ಲಿ ಎರಡು ಬಗೆಯ ಪ್ರೋಟೀನುಗಳು ಮುಳ್ಳಿನಂತೆ ಚಾಚಿಕೊಂಡಿರುತ್ತವೆ. ವೈರಸ್ಸು ಗಂಟಲು ಮತ್ತು ಶ್ವಾಸನಾಳದ ಜೀವಕೋಶಗಳಿಗೆ ಅಂಟಿಕೊಳ್ಳಲು ನೆರವಾಗುವುದು ಹಿಮ್ಯಾಗ್ಲುಟಿನಿನ್. ಹೊಸದಾಗಿ ಹುಟ್ಟಿದ ವೈರಸ್ ಕಣಗಳು ಕೋಶದಿಂದ ಬಿಡಿಸಿಕೊಂಡು ಹೊರಬೀಳಲು ನೆರವಾಗುವುದು ನ್ಯೂರಾಮಿನಿಡೇಸ್. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿರುವ ಎಚ್ ಮತ್ತು ಎನ್ ಅಕ್ಷರಗಳು ಇವೆರಡನ್ನೇ ಸೂಚಿಸುತ್ತವೆ. ಹಿಮ್ಯಾಗ್ಲುಟಿನಿನ್ನಿಗೆ ಅಣಬೆಯಂತೆ ಒಂದು ತಲೆ ಮತ್ತು ಒಂದು ಕಾಂಡವಿದ್ದು, ತಲೆಯ ಭಾಗವು ಪ್ರತಿಕಾಯಗಳ, ಎಂದರೆ ರೋಗಕಾರಕವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ರಕ್ತದ ಪ್ರೋಟೀನುಗಳ, ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ವರ್ಷದಿಂದ ವರ್ಷಕ್ಕೆ ಬೇಗ ಬದಲಾಗುವುದೂ ಅದೇ ಭಾಗ. ಕಾಂಡವು ಬಹಳ ನಿಧಾನವಾಗಿ ಬದಲಾಗುತ್ತದೆಯಾದರೂ ತಲೆಯ ಮರೆಯಲ್ಲಿರುವುದರಿಂದ ದೇಹದ ಗಮನವನ್ನು ಅಷ್ಟಾಗಿ ಸೆಳೆಯುವುದಿಲ್ಲ. ತಲೆಯಲ್ಲಾಗುವ ಈ ಸಣ್ಣಸಣ್ಣ ಮಾರ್ಪಾಟುಗಳಿಂದಾಗಿ ವಿಶ್ವ ಆರೋಗ್ಯ ಸಂಸ್ಥೆಯು ಉತ್ತರಾರ್ಧ ಗೋಳಕ್ಕೆ ಫೆಬ್ರುವರಿಯಲ್ಲಿಯೂ ದಕ್ಷಿಣಾರ್ಧ ಗೋಳಕ್ಕೆ ಸೆಪ್ಟೆಂಬರಿನಲ್ಲಿಯೂ ಸಭೆ ಸೇರಿ ಲಸಿಕೆಯ ತಳಿಗಳನ್ನು ಹೊಸದಾಗಿ ಆರಿಸುತ್ತದೆ.

ಮೊದಲ ಭೇಟಿ

ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಉಳಿದಿರುತ್ತವೆಯಾದರೂ ಮಗುವಿನ ಸ್ವಂತ ರೋಗನಿರೋಧಕ ಕೋಶಗಳು ಫ್ಲೂ ವೈರಸ್ಸನ್ನು ಇನ್ನೂ ಕಂಡಿರುವುದಿಲ್ಲ. ಆರು ತಿಂಗಳ ನಂತರ ಕೊಡುವ ಮೊದಲ ಚುಚ್ಚುಮದ್ದು, ಅಥವಾ ಅದಕ್ಕೆ ಮೊದಲೇ ತಗುಲಿದ ಸೋಂಕು, ಆ ಮಗುವಿನ ಪಾಲಿಗೆ ವೈರಸ್ಸಿನೊಡನೆ ಮೊದಲ ಭೇಟಿ. ಚುಚ್ಚುಮದ್ದಿನಲ್ಲಿರುವ ನಿಷ್ಕ್ರಿಯ ವೈರಸ್ಸಿನ ಅಂಶಗಳು ಹತ್ತಿರದ ದುಗ್ಧಗ್ರಂಥಿಯನ್ನು ತಲುಪಿದಾಗ, ಅವುಗಳಿಗೆ ಹೊಂದುವ ಬಿ ಕೋಶಗಳು ಸಹಾಯಕ ಟಿ ಕೋಶಗಳ ಬೆಂಬಲದಿಂದ ವೃದ್ಧಿಯಾಗಿ, ಕೆಲವು ಪ್ರತಿಕಾಯಗಳನ್ನು ಸ್ರವಿಸುವ ಕೋಶಗಳಾಗುತ್ತವೆ, ಕೆಲವು ಮುಂದಿನ ಭೇಟಿಗಾಗಿ ಕಾದಿರುವ ಸ್ಮೃತಿ ಕೋಶಗಳಾಗುತ್ತವೆ. ಆದರೆ ವೈರಸ್ಸನ್ನು ಎಂದೂ ಕಾಣದ ಮಗುವಿನಲ್ಲಿ ಈ ಕೋಶಗಳ ಆರಂಭಿಕ ಸಂಖ್ಯೆ ಅತ್ಯಲ್ಪವಾಗಿರುವುದರಿಂದ ಒಂದೇ ಡೋಸಿನಿಂದ ಏಳುವ ಪ್ರತಿಕಾಯಗಳ ಮಟ್ಟ ರಕ್ಷಣೆಗೆ ಸಾಲುವುದಿಲ್ಲ. ಮೊದಲ ಡೋಸು ನೆಲ ಹದಮಾಡುತ್ತದೆ, ಎರಡನೆಯದು ಬೆಳೆ ತರುತ್ತದೆ. ಒಂಬತ್ತು ವರ್ಷದೊಳಗಿನ ಮಗುವಿಗೆ ಲಸಿಕೆ ಹಾಕಿಸುವ ಮೊದಲ ವರ್ಷ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸುಗಳನ್ನು ಕೊಟ್ಟು, ನಂತರದ ವರ್ಷಗಳಲ್ಲಿ ಒಂದೊಂದೇ ಡೋಸು ಕೊಡುವ ಪದ್ಧತಿಗೆ ಇದೇ ಆಧಾರ.

ಈ ಪ್ರತಿಕ್ರಿಯೆಯನ್ನು ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನವು 1941ರಲ್ಲಿ ಜಾರ್ಜ್ ಹರ್ಸ್ಟ್ ಗಮನಿಸಿದ ಒಂದು ಸಂಗತಿಯಿಂದ ಹುಟ್ಟಿತು: ಫ್ಲೂ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟುಗಟ್ಟಿಸುತ್ತದೆ, ಪ್ರತಿಕಾಯಗಳಿದ್ದರೆ ಆ ಅಂಟುವಿಕೆ ನಿಂತುಹೋಗುತ್ತದೆ. ರಕ್ತಸಾರವನ್ನು ಹಂತಹಂತವಾಗಿ ತೆಳುವಾಗಿಸುತ್ತ ಹೋದಂತೆ ಎಷ್ಟು ಪಟ್ಟು ತೆಳುವಾದ ಮೇಲೂ ಅದು ಗಂಟುಗಟ್ಟುವಿಕೆಯನ್ನು ತಡೆಯಬಲ್ಲದೋ ಆ ಸಂಖ್ಯೆಯೇ ಪ್ರತಿಕಾಯದ ಮಟ್ಟ. ವಯಸ್ಕರಲ್ಲಿ 40ರ ಮಟ್ಟವಿದ್ದರೆ ಸೋಂಕಿನ ಸಾಧ್ಯತೆ ಅರ್ಧಕ್ಕಿಳಿಯುತ್ತದೆಂದು ರೂಢಿಯಿಂದ ನಂಬಲಾಗಿತ್ತು. ಎಳೆಯ ಮಕ್ಕಳಿಗೆ ಇದೇ ಅಳತೆ ಸಲ್ಲದೆಂದೂ ಅಷ್ಟೇ ರಕ್ಷಣೆಗೆ ಅವರಿಗೆ ಸುಮಾರು 110ರ ಮಟ್ಟ ಬೇಕೆಂದೂ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೊಡ್ಡವರ ಅಳತೆಗೋಲನ್ನು ಮಕ್ಕಳಿಗೆ ಹಾಗೆಯೇ ಹಿಡಿಯುವ ತಪ್ಪು ಈ ಕ್ಷೇತ್ರದಲ್ಲಿ ಮತ್ತೆಮತ್ತೆ ನಡೆದಿದೆ.

ಮೊದಲ ಭೇಟಿಯ ಗುರುತು ಎಷ್ಟು ಆಳವಾದುದೆಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ಮಿಷಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್ ಜೂನಿಯರ್. ಬೇರೆಬೇರೆ ವಯಸ್ಸಿನವರ ರಕ್ತಸಾರವನ್ನು ಹೋಲಿಸಿದ ಅವರೂ ಅವರ ಸಹೋದ್ಯೋಗಿಗಳೂ, ಪ್ರತಿಯೊಂದು ಪೀಳಿಗೆಯವರಲ್ಲಿಯೂ ತಮ್ಮ ಬಾಲ್ಯದಲ್ಲಿ ಹರಡಿದ್ದ ತಳಿಯ ವಿರುದ್ಧದ ಪ್ರತಿಕಾಯಗಳೇ ಪ್ರಬಲವಾಗಿರುವುದನ್ನೂ, ಹೊಸ ತಳಿಯ ಲಸಿಕೆ ಹಾಕಿದಾಗಲೂ ಆ ಹಳೆಯ ಪ್ರತಿಕಾಯಗಳೇ ಮತ್ತೆ ಏರುವುದನ್ನೂ ಕಂಡರು. 1960ರಲ್ಲಿ ಫ್ರಾನ್ಸಿಸ್ ಇದನ್ನು ಕ್ರೈಸ್ತ ಧರ್ಮದ ಪರಿಕಲ್ಪನೆಯೊಂದನ್ನು ಎರವಲು ಪಡೆದು ‘ಮೂಲ ಪ್ರತಿಜನಕ ಪಾಪ’ ಎಂದು ಕರೆದರು. ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ಪ್ರಚೋದಿಸುವ ವಸ್ತುವಿಗೆ ಪ್ರತಿಜನಕವೆಂದು ಹೆಸರು. ಪಾಪವೆಂಬ ಪದವು ಕೆಡುಕನ್ನಷ್ಟೇ ಧ್ವನಿಸುವುದರಿಂದ ಇತ್ತೀಚಿನವರು ಅಚ್ಚೊತ್ತುವಿಕೆ ಎಂಬ ಅರ್ಥದ ಪದವನ್ನು ಹೆಚ್ಚಾಗಿ ಬಳಸುತ್ತಾರೆ, ಅದೇ ಸರಿಯಾದ ಪದವೂ ಹೌದು. 2016ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಎಚ್5ಎನ್1 ಮತ್ತು ಎಚ್7ಎನ್9 ಹಕ್ಕಿಜ್ವರಗಳಿಗೆ ತುತ್ತಾದವರ ಜನ್ಮವರ್ಷಗಳನ್ನು ಪರಿಶೀಲಿಸಿ, ಎಚ್3ಎನ್2 ವೈರಸ್ಸು ಕಾಣಿಸಿಕೊಂಡ 1968ಕ್ಕೆ ಮೊದಲು ಹುಟ್ಟಿದವರಿಗೆ ಎಚ್5ಎನ್1ರಿಂದಲೂ ನಂತರ ಹುಟ್ಟಿದವರಿಗೆ ಎಚ್7ಎನ್9ರಿಂದಲೂ ತಕ್ಕಮಟ್ಟಿನ ರಕ್ಷಣೆಯಿತ್ತೆಂದು ತೋರಿಸಿತು. ಬಾಲ್ಯದ ಮೊದಲ ಫ್ಲೂ ಯಾವ ಬಳಗಕ್ಕೆ ಸೇರಿದ್ದೋ ಆ ಬಳಗದ ಹೊಸ ವೈರಸ್ಸುಗಳ ವಿರುದ್ಧ ಆ ನೆನಪು ಅರ್ಧಶತಮಾನದ ನಂತರವೂ ಕೆಲಸಕ್ಕೆ ಬರುತ್ತದೆ.

ಶಾಲೆಯೊಂದರ ಮೂರು ಸೋಂಕುಗಳು

ಪುನರಾವರ್ತನೆಯ ಬಗೆಗಿನ ಆತಂಕಕ್ಕೆ ಮೂಲವಾದುದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಸಂಸ್ಥೆಯಲ್ಲಿ ನಡೆದ ಅಧ್ಯಯನ. ಹೆಸರಿನಲ್ಲಿ ಆಸ್ಪತ್ರೆ ಎಂದಿದ್ದರೂ ಇದು ಹಳೆಯ ವಸತಿಶಾಲೆ. 1972, 1974 ಮತ್ತು 1976ರಲ್ಲಿ ಅಲ್ಲಿನ ಹುಡುಗರಲ್ಲಿ ಎಚ್3ಎನ್2 ಫ್ಲೂ ಮೂರು ಸಲ ಹರಡಿತು, ಪ್ರತಿಸಲವೂ ತಳಿ ಸ್ವಲ್ಪ ಬದಲಾಗಿತ್ತು. ಟಿ. ಡಬ್ಲ್ಯು. ಹಾಸ್ಕಿನ್ಸ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ವರದಿಯಂತೆ, ಆಯಾ ವರ್ಷ ಮೊದಲ ಬಾರಿಗೆ ಲಸಿಕೆ ಪಡೆದ ಹುಡುಗರಿಗೆ ಒಳ್ಳೆಯ ರಕ್ಷಣೆ ದೊರೆತಿತ್ತು, ಹಿಂದೆಯೇ ಹಳೆಯ ತಳಿಯ ಲಸಿಕೆ ಪಡೆದಿದ್ದವರಿಗೆ ಹೊಸ ಡೋಸಿನಿಂದ ಅಂಥ ಪ್ರಯೋಜನ ಕಾಣಲಿಲ್ಲ. ಮೂರು ಸೋಂಕುಗಳ ಒಟ್ಟು ಲೆಕ್ಕ ಹಾಕಿದಾಗ ಪದೇಪದೇ ಲಸಿಕೆ ಪಡೆದವರಿಗೂ ಪಡೆಯದವರಿಗೂ ಹೆಚ್ಚಿನ ಅಂತರವೇ ಉಳಿಯಲಿಲ್ಲ. ವಾರ್ಷಿಕ ಲಸಿಕೆಯಿಂದ ದೀರ್ಘಕಾಲದಲ್ಲಿ ಲಾಭವಿಲ್ಲವೆಂಬ ತೀರ್ಮಾನಕ್ಕೆ ವರದಿಗಾರರು ಬಂದರು. ಒಂದೇ ಶಾಲೆಯ, ಒಂದೇ ಉಪಜಾತಿಯ, ನಾಲ್ಕು ವರ್ಷಗಳ ಅನುಭವದ ಮೇಲೆ ನಿಂತಿದ್ದ ಈ ತೀರ್ಮಾನ ಅದರ ಆಧಾರ ತಾಳಬಲ್ಲದ್ದಕ್ಕಿಂತ ಭಾರವಾದುದು. 1980ರ ದಶಕದಲ್ಲಿ ಹ್ಯೂಸ್ಟನ್ನಿನಲ್ಲಿ ವಯಸ್ಕರ ಮೇಲೆ ಐದು ವರ್ಷ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪುನರಾವರ್ತನೆಯಿಂದ ರಕ್ಷಣೆ ಕುಗ್ಗಿದ್ದು ಕಂಡುಬರಲಿಲ್ಲ.

ಎರಡು ಅಧ್ಯಯನಗಳೂ ಪ್ರಾಮಾಣಿಕವಾಗಿದ್ದು ಫಲಿತಾಂಶಗಳು ಮಾತ್ರ ಎದುರುಬದುರಾಗಿದ್ದ ಈ ಒಗಟಿಗೆ 1999ರಲ್ಲಿ ಡೆರೆಕ್ ಸ್ಮಿತ್ ಮತ್ತು ಸಹೋದ್ಯೋಗಿಗಳು ಗಣಕಯಂತ್ರದ ಮಾದರಿಯೊಂದರಿಂದ ಉತ್ತರ ಕೊಟ್ಟರು. ಅವರ ‘ಪ್ರತಿಜನಕ ದೂರ’ದ ಸಿದ್ಧಾಂತದಲ್ಲಿ ಮೂರು ತಳಿಗಳ ನಡುವಣ ಅಂತರ ಮುಖ್ಯ: ಹಿಂದಿನ ವರ್ಷದ ಲಸಿಕೆಯ ತಳಿ, ಈ ವರ್ಷದ ಲಸಿಕೆಯ ತಳಿ ಮತ್ತು ಊರಿನಲ್ಲಿ ನಿಜವಾಗಿ ಹರಡುತ್ತಿರುವ ತಳಿ. ಎರಡು ಲಸಿಕೆಗಳೂ ಬಹುತೇಕ ಒಂದೇ ಆಗಿದ್ದರೆ, ಹಿಂದಿನ ಡೋಸಿನಿಂದ ಹುಟ್ಟಿದ ಪ್ರತಿಕಾಯಗಳು ಹೊಸ ಡೋಸಿನ ಪ್ರತಿಜನಕವನ್ನು ಬಿ ಕೋಶಗಳಿಗೆ ಸಿಗದಂತೆ ಮೊದಲೇ ಬಾಚಿಬಿಡುತ್ತವೆ. ಹರಡುವ ವೈರಸ್ಸೂ ಅವೆರಡಕ್ಕೆ ಹತ್ತಿರವಿದ್ದರೆ ಇದರಿಂದ ನಷ್ಟವಿಲ್ಲ, ಹಳೆಯ ಪ್ರತಿಕಾಯಗಳೇ ಅದನ್ನು ತಡೆಯುತ್ತವೆ; ಹರಡುವ ವೈರಸ್ಸು ಹಳೆಯ ಲಸಿಕೆಯಿಂದ ದೂರ ಸರಿದಿದ್ದರೆ ಮಾತ್ರ ರಕ್ಷಣೆ ಮೊದಲ ಬಾರಿಗೆ ಲಸಿಕೆ ಪಡೆದವರಿಗಿಂತ ಕಡಿಮೆಯಾಗುತ್ತದೆ. ಹೀಗಾಗಿ ಒಂದು ವರ್ಷದ ಅಧ್ಯಯನ ಆತಂಕ ಹುಟ್ಟಿಸುವುದೂ ಮರುವರ್ಷದ್ದು ಅದನ್ನು ಅಲ್ಲಗಳೆಯುವುದೂ ಸಹಜವೇ ಆಗುತ್ತದೆ.

ಮಕ್ಕಳಲ್ಲಿ ಈ ಅಚ್ಚಿನ ಪರಿಣಾಮವನ್ನು ತೀರ ಸ್ಪಷ್ಟವಾಗಿ ತೋರಿಸಿದ್ದು ಬಿ ಬಗೆಯ ಇನ್‌ಫ್ಲುಯೆಂಜಾ. ಇದರಲ್ಲಿ ವಿಕ್ಟೋರಿಯಾ ಮತ್ತು ಯಮಗಾಟ ಎಂಬ ಎರಡು ವಂಶಗಳಿದ್ದು, ಮೂರು ತಳಿಗಳ ಲಸಿಕೆಯಲ್ಲಿ ಆಯಾ ವರ್ಷ ಒಂದೇ ವಂಶಕ್ಕೆ ಜಾಗವಿರುತ್ತದೆ. ಕೆನಡಾದಲ್ಲಿ ಡನುಟಾ ಸ್ಕೌರಾನ್‌ಸ್ಕಿ ಮತ್ತು ತಂಡದವರು, ಶೈಶವದಲ್ಲಿ ಯಮಗಾಟ ವಂಶದ ಎರಡು ಡೋಸುಗಳನ್ನು ಪಡೆದಿದ್ದ ಮಕ್ಕಳಿಗೆ ಮುಂದೆ ವಿಕ್ಟೋರಿಯಾ ವಂಶದ ಲಸಿಕೆ ಕೊಟ್ಟಾಗ, ಅವರ ರಕ್ತದಲ್ಲಿ ಚೆನ್ನಾಗಿ ಏರಿದ್ದು ಹಳೆಯ ಯಮಗಾಟದ ಪ್ರತಿಕಾಯಗಳೇ ಹೊರತು ಬೇಕಾಗಿದ್ದ ವಿಕ್ಟೋರಿಯಾದ ಪ್ರತಿಕಾಯಗಳು ಅಷ್ಟಾಗಿ ಏರಲಿಲ್ಲವೆಂದು 2011ರಲ್ಲಿ ವರದಿ ಮಾಡಿದರು. ಎರಡು ವರ್ಷ ತುಂಬುವ ಮೊದಲೇ ಮೂಲ ಅಚ್ಚು ಬಿದ್ದಾಗಿತ್ತು. ಲಸಿಕೆಗೆ ಬಿ ಬಗೆಯ ಎರಡೂ ವಂಶಗಳನ್ನು ಸೇರಿಸಿ ನಾಲ್ಕು ತಳಿಗಳ ರೂಪ ಕೊಡಲು ಪ್ರತಿವರ್ಷದ ತಳಿ ಆಯ್ಕೆಯ ತೊಡಕೂ ಈ ಬಗೆಯ ಅನುಭವಗಳೂ ಒತ್ತಾಸೆಯಾದವು.

ಟಿ ಕೋಶಗಳ ಪ್ರಶ್ನೆ

ಪ್ರತಿಕಾಯಗಳು ಸೋಂಕನ್ನು ತಡೆದರೆ, ಕೊಲ್ಲುವ ಟಿ ಕೋಶಗಳು ಈಗಾಗಲೇ ಸೋಂಕು ತಗುಲಿದ ಜೀವಕೋಶಗಳನ್ನು ನಾಶಮಾಡಿ ರೋಗದ ತೀವ್ರತೆಯನ್ನು ತಗ್ಗಿಸುತ್ತವೆ. ಇವು ವೈರಸ್ಸಿನ ಒಳಗಿನ, ಹೆಚ್ಚು ಬದಲಾಗದ ಪ್ರೋಟೀನುಗಳನ್ನು ಗುರುತಿಸುವುದರಿಂದ ಹೊಸ ತಳಿಗಳ ವಿರುದ್ಧವೂ ನೆರವಾಗಬಲ್ಲವು, ಆದರೆ ನಿಷ್ಕ್ರಿಯ ಲಸಿಕೆಯು ಅವನ್ನು ಹೆಚ್ಚಾಗಿ ಎಚ್ಚರಿಸುವುದಿಲ್ಲ. ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರದ ಸಂಶೋಧಕರು 2011ರಲ್ಲಿ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಶ್ವಾಸಕೋಶ ರೋಗವಿದ್ದು ಪ್ರತಿವರ್ಷ ಲಸಿಕೆ ಪಡೆಯುತ್ತಿದ್ದ ಮಕ್ಕಳನ್ನೂ ಲಸಿಕೆ ಪಡೆಯದ ಆರೋಗ್ಯವಂತ ಮಕ್ಕಳನ್ನೂ ಹೋಲಿಸಿ, ಎರಡನೆಯ ಗುಂಪಿನಲ್ಲಿ ವಯಸ್ಸಿನೊಂದಿಗೆ ಈ ಟಿ ಕೋಶಗಳು ಹೆಚ್ಚುತ್ತ ಹೋದರೆ ಮೊದಲನೆಯದರಲ್ಲಿ ಹಾಗೆ ಹೆಚ್ಚಲಿಲ್ಲವೆಂದು ತಿಳಿಸಿದರು. ಇದನ್ನು ಲಸಿಕೆಯು ಟಿ ಕೋಶಗಳನ್ನು ಕೆಡಿಸುತ್ತದೆ ಎಂದು ಅರ್ಥೈಸಿದವರಿದ್ದಾರೆ, ಅದು ಸರಿಯಲ್ಲ. ಲಸಿಕೆ ತನ್ನ ಕೆಲಸ ಮಾಡಿ ಸೋಂಕನ್ನು ತಡೆದದ್ದರಿಂದಲೇ ಸೋಂಕಿನಿಂದ ಬರಬೇಕಾಗಿದ್ದ ಟಿ ಕೋಶಗಳು ಬರಲಿಲ್ಲ. ಆ ಕೋಶಗಳಿಗೆ ತೆರಬೇಕಾದ ಬೆಲೆ ಎಳೆಗೂಸಿನ ನ್ಯುಮೋನಿಯಾ ಆಗಿರಬಹುದೆಂಬುದನ್ನು ಮರೆಯಲಾಗದು.

ಈ ಕೊರತೆಯನ್ನು ತುಂಬಬಲ್ಲದ್ದೆಂದು ಭರವಸೆ ಮೂಡಿಸಿರುವುದು ಮೂಗಿಗೆ ಸಿಂಪಡಿಸುವ ದುರ್ಬಲೀಕೃತ ಜೀವಂತ ಲಸಿಕೆ. ಮಿಷಿಗನ್ನಿನಲ್ಲಿ ಹುನೈನ್ ಮಾಸಾಬ್ ರೂಪಿಸಿದ, 25 ಡಿಗ್ರಿ ಸೆಲ್ಸಿಯಸ್ ತಂಪಿಗೆ ಒಗ್ಗಿಸಿದ ವೈರಸ್ಸು ಇದರ ತಾಯಿಬೇರು. ಅದು ಮೂಗಿನ ತಂಪಿನಲ್ಲಿ ವೃದ್ಧಿಯಾಗುತ್ತದೆ, ಶ್ವಾಸಕೋಶದ ಬಿಸುಪಿನಲ್ಲಿ ಆಗದು. ಟಾನ್ಸಿಲ್ ತೆಗೆಸಿಕೊಳ್ಳಲಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಈ ಲಸಿಕೆ ಕೊಟ್ಟು, ತೆಗೆದ ಟಾನ್ಸಿಲುಗಳನ್ನು ಪರೀಕ್ಷಿಸಿದ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ತಂಡಕ್ಕೆ ಅಲ್ಲಿ ಫ್ಲೂ ವಿರುದ್ಧದ ಬಿ ಮತ್ತು ಟಿ ಕೋಶಗಳು ಹೆಚ್ಚಿದ್ದು ಕಂಡಿತು. ಬ್ರಿಟನ್ 2013ರಿಂದ ತನ್ನ ಮಕ್ಕಳಿಗೆ ಮುಖ್ಯವಾಗಿ ಇದನ್ನೇ ಕೊಡುತ್ತಿದೆ. ಆದರೆ ಜೀವಂತ ಲಸಿಕೆಗೆ ಪುನರಾವರ್ತನೆಯ ತೊಡಕು ಬೇರೊಂದು ರೂಪದಲ್ಲಿ ಎದುರಾಗುತ್ತದೆ: ಮೂಗಿನಲ್ಲಿ ಆಗಲೇ ಪ್ರತಿಕಾಯಗಳಿದ್ದರೆ ಲಸಿಕೆಯ ವೈರಸ್ಸು ವೃದ್ಧಿಯಾಗುವ ಮೊದಲೇ ಸೋತುಹೋಗಬಹುದು. ಎಚ್1ಎನ್1 ವಿರುದ್ಧ ಕಳಪೆ ಫಲ ಕಂಡ ಅಮೆರಿಕವು 2016ರಿಂದ ಎರಡು ಋತುಗಳ ಕಾಲ ಇದರ ಶಿಫಾರಸನ್ನು ಹಿಂತೆಗೆದುಕೊಂಡಾಗ ಈ ಕಾರಣವನ್ನೂ ಪರಿಶೀಲಿಸಲಾಯಿತು, ಲಸಿಕೆಯಲ್ಲಿದ್ದ ಎಚ್1ಎನ್1 ತಳಿಯೇ ಸರಿಯಾಗಿ ವೃದ್ಧಿಯಾಗುತ್ತಿರಲಿಲ್ಲವೆಂಬ ವಿವರಣೆಗೆ ಹೆಚ್ಚಿನ ಬೆಂಬಲ ದೊರೆಯಿತು. ತಳಿಯನ್ನು ಬದಲಾಯಿಸಿದ ಬಳಿಕ 2018–19ರ ಋತುವಿಗೆ ಶಿಫಾರಸು ಮರಳಿತು.

ಪುನರಾವರ್ತನೆಯ ಲಾಭ

ಇತ್ತೀಚಿನ ಸಾಕ್ಷ್ಯಗಳು ಮಕ್ಕಳ ಮಟ್ಟಿಗೆ ಸಮಾಧಾನ ತರುವಂತಿವೆ. ಅಮೆರಿಕದಲ್ಲಿ 2013–14ರಿಂದ 2015–16ರವರೆಗೆ 2ರಿಂದ 17 ವರ್ಷದವರಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದಿನ ವರ್ಷ ಲಸಿಕೆ ಪಡೆದದ್ದರಿಂದ ಈ ವರ್ಷದ ರಕ್ಷಣೆ ಕುಗ್ಗಿದ್ದಕ್ಕೆ ಆಧಾರ ದೊರೆಯಲಿಲ್ಲ. ಇನ್ನೂ ಕುತೂಹಲಕರವಾದುದು ಕೆನಡಾದ ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಮಿಲ್ಲರ್ ಅವರ ತಂಡವು 2022ರಲ್ಲಿ ಪ್ರಕಟಿಸಿದ ಸಂಗತಿ. ಮೂರು ವರ್ಷ ಸಾಲಾಗಿ ಚುಚ್ಚುಮದ್ದನ್ನಾಗಲಿ ಮೂಗಿನ ಲಸಿಕೆಯನ್ನಾಗಲಿ ಪಡೆದ ಮಕ್ಕಳಲ್ಲಿ, ಲಸಿಕೆಯಲ್ಲಿದ್ದ ತಳಿಗಳ ಆಚೆಗೂ ಕೆಲಸ ಮಾಡಬಲ್ಲ ವಿಶಾಲ ವ್ಯಾಪ್ತಿಯ ಪ್ರತಿಕಾಯಗಳು ವರ್ಷದಿಂದ ವರ್ಷಕ್ಕೆ ಬೆಳೆದವು. ವಯಸ್ಕರಲ್ಲಿ ಲಸಿಕೆಯು ಇಂಥ ಪರಿಣಾಮ ಉಂಟುಮಾಡುವುದಿಲ್ಲ. ವಯಸ್ಕರ ದೇಹದಲ್ಲಿ ಹಲವು ಸೋಂಕುಗಳಿಂದ ಬಂದ, ಹಿಮ್ಯಾಗ್ಲುಟಿನಿನ್ನಿನ ತಲೆಯನ್ನೇ ಗುರಿಯಾಗಿಸಿದ ಸ್ಮೃತಿ ಕೋಶಗಳು ಆಗಲೇ ಕಿಕ್ಕಿರಿದಿದ್ದು ಪ್ರತಿ ಡೋಸನ್ನೂ ತಾವೇ ಕಬಳಿಸುತ್ತವೆ. ಮಗುವಿನಲ್ಲಿ ಆ ಪೈಪೋಟಿ ಇನ್ನೂ ಶುರುವಾಗಿರುವುದಿಲ್ಲವಾದ್ದರಿಂದ ಮರೆಯಲ್ಲಿರುವ ಬದಲಾಗದ ಭಾಗಗಳಿಗೂ ಗಮನ ಸಿಗುತ್ತದೆ ಎಂಬುದು ಇದಕ್ಕೆ ಕೊಡಬಹುದಾದ ಒಂದು ವಿವರಣೆ. ಪುನರಾವರ್ತನೆ ಎಂಬ ಒಂದೇ ಪದವು ಐದು ವರ್ಷದ ಮಗುವಿಗೂ ಐವತ್ತರ ವಯಸ್ಕರಿಗೂ ಒಂದೇ ಅರ್ಥ ಕೊಡುವುದಿಲ್ಲವೆಂಬುದೇ ಈ ಕ್ಷೇತ್ರದ ನಾಲ್ಕು ದಶಕಗಳ ದುಡಿಮೆಯಿಂದ ಹೊರಬಿದ್ದ ಮುಖ್ಯ ತಿಳಿವಳಿಕೆ.

ಪ್ರತಿಕ್ರಿಯೆಯನ್ನು ಬಲಪಡಿಸುವ ಇನ್ನೊಂದು ದಾರಿ, ಲಸಿಕೆಯ ಜೊತೆಗೆ ಸಹೌಷಧವೊಂದನ್ನು, ಎಂದರೆ ರೋಗನಿರೋಧಕ ಕೋಶಗಳನ್ನು ಹೆಚ್ಚು ಎಚ್ಚರಿಸುವ ಪೂರಕ ವಸ್ತುವನ್ನು ಬೆರೆಸುವುದು. ಫಿನ್‌ಲೆಂಡ್ ಮತ್ತು ಜರ್ಮನಿಯಲ್ಲಿ ಆರು ತಿಂಗಳಿಂದ ಆರು ವರ್ಷದೊಳಗಿನ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಕ್ವಾಲೀನ್ ಎಂಬ ಎಣ್ಣೆಯ ಸೂಕ್ಷ್ಮ ಹನಿಗಳಿದ್ದ ಲಸಿಕೆಯ ಸಾಮರ್ಥ್ಯ ಶೇ. 86, ಸಾಮಾನ್ಯ ಲಸಿಕೆಯದು ಶೇ. 43 ಎಂದು ಕಂಡುಬಂತು.

ಭಾರತದ ಸಂದರ್ಭ

ಮೇಲಿನ ಬಹುಪಾಲು ಅಧ್ಯಯನಗಳು ಚಳಿಗಾಲದಲ್ಲಿ ಮಾತ್ರ ಫ್ಲೂ ಹರಡುವ ದೇಶಗಳವು. ಭಾರತದ ಬಹುಭಾಗದಲ್ಲಿ ಫ್ಲೂ ಮುಂಗಾರಿನೊಂದಿಗೆ ಏರುತ್ತದೆ, ಕೆಲವೆಡೆ ಚಳಿಗಾಲದಲ್ಲಿ ಮತ್ತೊಮ್ಮೆ ತಲೆಯೆತ್ತುತ್ತದೆ. ಶ್ರೀನಗರದಲ್ಲಿ ಮಾತ್ರ ಉತ್ತರದ ದೇಶಗಳಂತೆ ಚಳಿಗಾಲವೇ ಅದರ ಕಾಲ. ಆದ್ದರಿಂದ ಕರ್ನಾಟಕವೂ ಸೇರಿದಂತೆ ಮುಂಗಾರಿನ ಪ್ರದೇಶಗಳಲ್ಲಿ ಮಕ್ಕಳಿಗೆ ಮಳೆಗಾಲಕ್ಕೆ ಮೊದಲು ಲಸಿಕೆ ಹಾಕಿಸುವುದು ಯುಕ್ತವೆನಿಸುತ್ತದೆ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರ್ಷಿಕ ಲಸಿಕೆಯನ್ನು ಶಿಫಾರಸು ಮಾಡುತ್ತದೆಯಾದರೂ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಸೇರಿಲ್ಲ. ಹೀಗಾಗಿ ಹಣ ತೆತ್ತು ಖಾಸಗಿಯಾಗಿ ಹಾಕಿಸಬಲ್ಲ ಮನೆಗಳ ಮಕ್ಕಳನ್ನು ಬಿಟ್ಟರೆ ಉಳಿದವರ ಮೊದಲ ಅಚ್ಚು ಸೋಂಕಿನಿಂದಲೇ ಬೀಳುತ್ತದೆ, ಇದು ಆರೋಗ್ಯದ ಅಸಮಾನತೆಯ ಇನ್ನೊಂದು ಮುಖ.

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 2009ರಿಂದ ಮೂರು ವರ್ಷ ಆರು ತಿಂಗಳಿಂದ ಹತ್ತು ವರ್ಷದ ಮಕ್ಕಳಿಗೆ ಪ್ರತಿವರ್ಷ ನಿಷ್ಕ್ರಿಯ ಫ್ಲೂ ಲಸಿಕೆಯನ್ನು, ಹೋಲಿಕೆಯ ಗುಂಪಿಗೆ ಪೋಲಿಯೊ ಚುಚ್ಚುಮದ್ದನ್ನು ಕೊಟ್ಟು ನಡೆಸಿದ ಪ್ರಯೋಗ ಗ್ರಾಮೀಣ ಭಾರತದ ಮಟ್ಟಿಗೆ ಅಪರೂಪದ್ದು; ಲಸಿಕೆ ಪಡೆದ ಮಕ್ಕಳಿಗೆ ಅದರಿಂದ ಸಾಧಾರಣ ಪ್ರಮಾಣದ ರಕ್ಷಣೆ ದೊರೆಯಿತು. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಮೂಗಿನ ಲಸಿಕೆಯನ್ನು 2013ರಲ್ಲಿ ಬಾಂಗ್ಲಾದೇಶ ಮತ್ತು ಸೆನೆಗಲ್ ದೇಶಗಳ ಎರಡರಿಂದ ಐದು ವರ್ಷದ ಮಕ್ಕಳಿಗೆ ಕೊಟ್ಟಾಗ, ಬಾಂಗ್ಲಾದೇಶದಲ್ಲಿ ಲಸಿಕೆಗೆ ಹೊಂದುವ ತಳಿಗಳ ವಿರುದ್ಧ ಶೇ. 57.5ರಷ್ಟು ರಕ್ಷಣೆ ಕಂಡಿತು, ಸೆನೆಗಲ್‌ನಲ್ಲಿ ಏನೂ ಕಾಣಲಿಲ್ಲ. ಒಂದೇ ಲಸಿಕೆ, ಒಂದೇ ವಯಸ್ಸು, ಎರಡು ಫಲ: ಒಂದೆಡೆಯ ಮಕ್ಕಳ ಅನುಭವವನ್ನು ಇನ್ನೊಂದೆಡೆಗೆ ಯಥಾವತ್ತಾಗಿ ಹೊರಿಸಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಕೋವಿಡ್ ನಂತರದ ಪೀಳಿಗೆ

2020–21ರಲ್ಲಿ ಕೋವಿಡ್ ನಿರ್ಬಂಧಗಳ ನಡುವೆ ಫ್ಲೂ ಜಗತ್ತಿನಲ್ಲೆಲ್ಲ ಬಹುತೇಕ ಅಡಗಿಹೋಗಿ, ಆ ಕಾಲದಲ್ಲಿ ಹುಟ್ಟಿದ ಮಕ್ಕಳ ಮೊದಲ ಸೋಂಕು ಮುಂದೆ ಹೋಯಿತು. ಯಮಗಾಟ ವಂಶವಂತೂ 2020ರ ಮಾರ್ಚ್ ನಂತರ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ, ಆ ಕಾರಣದಿಂದ ಅದನ್ನು ಕೈಬಿಟ್ಟು ಲಸಿಕೆಯನ್ನು ಮತ್ತೆ ಮೂರು ತಳಿಗಳಿಗೆ ಇಳಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿತು. ಅಮೆರಿಕದಲ್ಲಿ ಈ ಬದಲಾವಣೆ 2024–25ರ ಋತುವಿನಲ್ಲಿ ಜಾರಿಗೆ ಬಂತು. ಈ ನಡುವಣ ನಾಲ್ಕು ವರ್ಷಗಳಲ್ಲಿ ನಾಲ್ಕು ತಳಿಗಳ ಲಸಿಕೆ ಪಡೆದ ಶಿಶುಗಳು ತಾವೆಂದೂ ಎದುರಿಸದ, ಬಹುಶಃ ಎಂದೂ ಎದುರಿಸಬೇಕಾಗದ ವೈರಸ್ಸೊಂದರ ನೆನಪನ್ನು ಲಸಿಕೆಯಿಂದಲೇ ಪಡೆದು ಬೆಳೆಯುತ್ತಿದ್ದಾರೆ, ಮತ್ತು ಸೋಂಕಿನ ಬೆರಕೆಯಿಲ್ಲದ ಆ ನೆನಪು ಅವರ ರಕ್ತದಲ್ಲಿ ಎಷ್ಟು ಕಾಲ ಉಳಿಯುತ್ತದೆ, ವಿಕ್ಟೋರಿಯಾ ವಂಶದ ಮುಂದಿನ ಡೋಸುಗಳಿಗೆ ಅದು ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಆ ಮಕ್ಕಳಲ್ಲಿಯೇ ನೋಡಬಹುದಾಗಿದೆ.